ಸತ್ತ ಸ್ವರ

ಗೋಡೆಯಾಚೆಯಿಂದ ಕುಂಯ್ ಎಂಬ ಸದ್ದು ಬಂತು. ಸೊಳ್ಳೆಯ ದನಿಗಿಂತ ತುಸು ದಪ್ಪ, ಕುದಿಯುವ ಕೆಟಲಿನ ದನಿಗಿಂತ ತೆಳು. ಬೀದಿಯೆಲ್ಲ ಮಲಗಿದ್ದ ಹೊತ್ತು. ಬೇರೆ ಯಾರಾದರೂ ಆಗಿದ್ದರೆ ಮಗ್ಗುಲು ಬದಲಿಸಿ ಮತ್ತೆ ನಿದ್ದೆ ಹೋಗುತ್ತಿದ್ದರು. ಸೊಸೆಗೆ ಮಾತ್ರ ಅದೇನೆಂದು ಗೊತ್ತಿತ್ತು. ಅತ್ತೆ ಕಿವಿಯ ಯಂತ್ರ ಕಳಚಿ ಡಬ್ಬಿಯಲ್ಲಿ ಇಟ್ಟಿದ್ದಾರೆ, ಬ್ಯಾಟರಿಯ ಪುಟ್ಟ ಬಾಗಿಲು ತೆರೆದಿಡುವುದನ್ನು ಮರೆತಿದ್ದಾರೆ. ಯಂತ್ರ ತನ್ನ ದನಿಯನ್ನು ತಾನೇ ಕೇಳಿಸಿಕೊಂಡು ಕಿರುಗುಟ್ಟುತ್ತಿದೆ. ಇನ್ನು ಪ್ರಾರ್ಥನೆ ಶುರುವಾಗುತ್ತದೆ.

"ಕರ್ತನೇ, ಮತ್ತೆ ಬಂದೆ ನೋಡು," ಎಂದಿತು ಗೋಡೆ.

ಅತ್ತೆಯ ಲೆಕ್ಕದಲ್ಲಿ ಅದು ಪಿಸುಮಾತು. ಯಂತ್ರ ಇಲ್ಲದಾಗ ಅವರಿಗೆ ತಮ್ಮ ದನಿ ತಮಗೇ ಕೇಳಿಸುತ್ತಿರಲಿಲ್ಲ. ಹಾಗಾಗಿ ಗುಟ್ಟು ಹೇಳುವಾಗಲೂ ತರಕಾರಿ ಗಾಡಿಯವನು ಬೆಲೆ ಕೂಗಿದ ಹಾಗೆ ಹೇಳುತ್ತಿದ್ದರು.

"ಡಾಕ್ಟರು ಕೊಯ್ಯೋಣ ಅಂತಾನೆ. ಮಗ 'ನಿನ್ನಿಷ್ಟ ಅಮ್ಮ' ಅಂತಾನೆ. ಇವಳು ಏನೂ ಅನ್ನಲ್ಲ, ಸುಮ್ನೆ ಮುಖ ನೋಡ್ತಾಳೆ. ನನಗೆ ಭಯ ಆಗತ್ತಪ್ಪಾ. ಸಾಯೋದಕ್ಕಲ್ಲ. ನಿನ್ನನ್ನ ಕೇಳದೆ ನನ್ನ ತಲೆಗೆ ತೋಚಿದ್ದು ಮಾಡಿಬಿಡ್ತೀನೇನೋ ಅಂತ. ಅದಕ್ಕೇ ಒಂದು ಗುರುತು ಕೇಳ್ತೀನಿ, ಕೋಪ ಮಾಡ್ಕೋಬೇಡ. ಈ ಭಾನುವಾರ ಆರಾಧನೇಲಿ ನಮ್ಮ ಆರ್ಗನ್ನಿನ ಆ ಸತ್ತ ಸ್ವರ ನುಡೀಲಿ. ನುಡಿದ್ರೆ ಆಪರೇಷನ್ನಿಗೆ ಹೋಗ್ತೀನಿ. ಇಲ್ಲಾಂದ್ರೆ ಮನೇಲೇ ಇದ್ದು, ನೀನು ಕರೆದಾಗ ಬರ್ತೀನಿ. ಇದನ್ನ ಯಾರಿಗೂ ಹೇಳಿಲ್ಲ, ನಿನಗೆ ಮಾತ್ರ."

ಸೊಸೆ ಕತ್ತಲಲ್ಲಿ ಎದ್ದು ಕುಳಿತಳು. ಪಕ್ಕದಲ್ಲಿ ಗಂಡ ದಿನವಿಡೀ ದುಡಿದ ಮನುಷ್ಯನ ನಿದ್ದೆಯಲ್ಲಿದ್ದ.

"ಇನ್ನೊಂದು ಮರೆತೆ," ಎಂದಿತು ಗೋಡೆ. "ಪಕ್ಕದ ಕೋಣೆಯವಳಿಗೆ ಸ್ವಲ್ಪ ನಿದ್ದೆ ಕೊಡು. ಕಣ್ಣ ಕೆಳಗೆ ಮಸಿ ಬಳಿದ ಹಾಗಾಗಿದೆ. ಆಮೆನ್."

ಅತ್ತೆಯ ಮಂಚ ಕಿರ್ರೆಂದಿತು. ಸೊಸೆಯ ನಿದ್ದೆ ಹಾರಿಹೋಯಿತು.

ಅತ್ತೆಯ ಪ್ರಾರ್ಥನೆಗಳು ಅವಳ ಕಿವಿಗೆ ಬೀಳಲು ತೊಡಗಿ ಕೆಲವು ವರ್ಷಗಳೇ ಆಗಿದ್ದವು. ಮೊದಲ ಸಲ ಅವರು ಕೇಳಿದ್ದು ಕಿಟಕಿಯ ಚಿಲಕವನ್ನು. ಗಾಳಿ ಬಡಿದು ಎದೆ ಝಲ್ಲೆನ್ನುತ್ತದೆ, ಮಗನಿಗೆ ಹೇಳಿದರೆ ನಾಳೆ ಎನ್ನುತ್ತಾನೆ, ನೀನೇ ನೋಡಿಕೋ ಕರ್ತನೇ ಎಂದಿದ್ದರು. ಮರುದಿನ ಸೊಸೆ ಕೆಲಸದಿಂದ ಬರುವಾಗ ಒಂದು ಚಿಲಕ ತಂದು, ಅತ್ತೆ ಸ್ನಾನಕ್ಕೆ ಹೋದ ಸಮಯ ನೋಡಿ ತಿರುಪು ಬಿಗಿದಳು. ಅಷ್ಟೇ. ಸಣ್ಣ ಕೆಲಸ, ಒಳ್ಳೆಯ ಮನಸ್ಸಿನಿಂದ ಮಾಡಿದ್ದು. ಆದರೆ ಆ ವಾರದ ಸ್ತ್ರೀಯರ ಪ್ರಾರ್ಥನಾ ಕೂಟದಲ್ಲಿ ಅತ್ತೆ ಎದ್ದು ನಿಂತು, "ನಾನು ಒಂದು ನರಪಿಳ್ಳೆಗೂ ಹೇಳಿರಲಿಲ್ಲ. ಅವನಿಗೆ ಮಾತ್ರ ಹೇಳಿದ್ದೆ. ಬೆಳಗಾಗೋದ್ರೊಳಗೆ ಮಾಡಿಸಿಕೊಟ್ಟ," ಎಂದು ಸಾಕ್ಷಿ ಹೇಳಿಬಿಟ್ಟರು. ಬೆಳಗಾಗುವುದರೊಳಗೆ ಅಲ್ಲ, ಸಂಜೆಗೆ ಎಂದು ಸೊಸೆ ಹೇಳಬಹುದಿತ್ತು. ಹೇಳಲಿಲ್ಲ. ಅಲ್ಲಿಂದ ಶುರುವಾಯಿತು ನೋಡಿ ಈ ಒಳಗುತ್ತಿಗೆ. ನೀಲಿ ಉಣ್ಣೆಯ ಉಂಡೆ, ಕಾಲಿಗೆ ಮುಲಾಮು, ಊರಾಚೆಯ ಹಳೆಯ ಗೆಳತಿಯ ಒಂದು ಭೇಟಿ, ಮಗ ರೇಗುವುದು ಕಡಿಮೆಯಾಗಬೇಕೆಂಬ ಬೇಡಿಕೆ. ಈ ಕೊನೆಯದಕ್ಕೆ ಅವಳು ಎಷ್ಟು ಒದ್ದಾಡಿದ್ದಳೆಂದರೆ, ಗಂಡನೇ ಒಂದು ದಿನ, "ಏನು, ನನ್ನ ಮೇಲೆ ಇಷ್ಟು ಪ್ರೀತಿ? ಯಾವುದಾದ್ರೂ ತಪ್ಪು ಮಾಡಿದೀಯಾ?" ಎಂದು ಕೇಳಿದ್ದ.

ಅತ್ತೆಯ ನಂಬಿಕೆ ಬೆಳೆದಂತೆಲ್ಲ ಸೊಸೆಯ ದಣಿವು ಬೆಳೆಯಿತು. ದೇವರಿಗೂ ತನಗೂ ನಡುವಿನ ಗೆರೆ ಎಲ್ಲಿದೆ ಎಂಬುದು ಅವಳಿಗೆ ಮಸುಕಾಗತೊಡಗಿತ್ತು. ತಾನು ಕೇಳಿಸಿಕೊಂಡು ಮಾಡುವುದನ್ನು ಅವನೇ ಮಾಡಿಸುವುದು ಎನ್ನಬಹುದೇ? ಹಾಗಾದರೆ ಮಾಡದೆ ಬಿಟ್ಟಿದ್ದನ್ನು ಏನೆನ್ನಬೇಕು? ಇಂಥ ಪ್ರಶ್ನೆಗಳನ್ನು ಕಾಲೇಜಿನಲ್ಲಿ ಓದುವಾಗ ಚರ್ಚೆಗೆ ಇಟ್ಟುಕೊಳ್ಳಬಹುದಿತ್ತು. ಈಗ ಅವು ಪಾತ್ರೆ ತೊಳೆಯುವಾಗ ಬರುತ್ತಿದ್ದವು.

ಬೆಳಗ್ಗೆ ಅತ್ತೆ ಮೆಟ್ಟಿಲ ತಿರುವಿನಲ್ಲಿ ಕುಳಿತಿದ್ದರು. ಕೆಳಗೆ ಹೋಗಿ ಹಾಲು ತಂದಿದ್ದರು, ಬೇಡವೆಂದರೆ ಕೇಳುವವರಲ್ಲ. ಒಂದು ಕೈ ಎದೆಯ ಮೇಲೆ, ಇನ್ನೊಂದು ಕೈ ಕಂಬಿಯ ಮೇಲೆ. ಮಗ ಮೇಲಿಂದ ಉಪಕರಣಗಳ ಚೀಲ ಹೊತ್ತು ಇಳಿದು ಬಂದ. ಲಿಫ್ಟ್ ರಿಪೇರಿ ಅವನ ಕೆಲಸ.

"ಊರಿನ ಮೈಗಳ್ಳರನ್ನೆಲ್ಲ ಗುಂಡಿ ಒತ್ತಿದ್ರೆ ಸಾಕು ಮೇಲಕ್ಕೆ ಕಳಿಸ್ತೀಯ," ಎಂದರು ಅತ್ತೆ ಏದುಸಿರಿನ ನಡುವೆ. "ಹೆತ್ತ ತಾಯಿ ಮಾತ್ರ ಕೂತು ಕೂತು ಹತ್ತಬೇಕು."

"ನಮ್ಮ ಕಟ್ಟಡಕ್ಕೆ ಲಿಫ್ಟೇ ಇಲ್ಲಮ್ಮ. ಇಲ್ಲದ್ದನ್ನ ಹೇಗೆ ರಿಪೇರಿ ಮಾಡಲಿ?"

"ಏನಂದೆ?"

"ಇಲ್ಲದ್ದನ್ನ ಹೇಗೆ—"

"ಕಿರುಚಬೇಡ, ಅಕ್ಕಪಕ್ಕದವರು ಕೇಳಿಸ್ಕೋತಾರೆ. ನಾನೇನು ಕಿವುಡಿಯಾ?"

ಮಗ ನಕ್ಕ. ಸೊಸೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅತ್ತೆಯ ತುಟಿಯ ಅಂಚು ನೀಲಿಯಾಗಿತ್ತು. ಅವರು ನಗುತ್ತಿದ್ದುದರಿಂದ ಅದು ಇನ್ನಷ್ಟು ಕಾಣಿಸಿತು.

ಹೃದಯದ ಡಾಕ್ಟರು ಚಿತ್ರ ಬಿಡಿಸಿ ತೋರಿಸಿದ್ದರು. ರಕ್ತ ಹೊರಗೆ ಹೋಗುವ ಬಾಗಿಲು ಕಲ್ಲುಗಟ್ಟಿ ಕಿರಿದಾಗಿದೆ, ಹೊಸದು ಕೂರಿಸಬೇಕು. ಈ ವಯಸ್ಸಿನಲ್ಲಿ ಮೇಜಿನ ಮೇಲೇ ಏನಾದರೂ ಆಗಬಹುದು, ಅದನ್ನು ಮುಚ್ಚಿಡುವುದಿಲ್ಲ. ಮಾಡದಿದ್ದರೆ ಮುಂದಿನ ವರ್ಷ ಈ ಹೊತ್ತಿಗೆ ಅವರು ಇರುವುದು ಅನುಮಾನ, ಅದನ್ನೂ ಮುಚ್ಚಿಡುವುದಿಲ್ಲ. ಸೋಮವಾರ ಹೌದೋ ಅಲ್ಲವೋ ಹೇಳಿ, ಹಾಸಿಗೆಗೆ ಕಾಯುವವರು ಬಹಳ ಜನ ಇದ್ದಾರೆ ಎಂದಿದ್ದರು. ಅತ್ತೆ ಚಿತ್ರವನ್ನು ಮಡಿಸಿ ಸೆರಗಿನೊಳಗೆ ಇಟ್ಟುಕೊಂಡು, "ವಿಚಾರಿಸಿ ಹೇಳ್ತೀನಿ," ಎಂದಿದ್ದರು, ಬಟ್ಟೆಯಂಗಡಿಯಲ್ಲಿ ಹೇಳಿದ ಹಾಗೆ. ಯಾರನ್ನು ವಿಚಾರಿಸುತ್ತಾರೆಂದು ಡಾಕ್ಟರಿಗೆ ತಿಳಿಯಲಿಲ್ಲ.

ಸೊಸೆಗೆ ಆ ದಿನದ್ದು ಇನ್ನೊಂದು ನೆನಪಿತ್ತು. ಮುಂದಿನ ವರ್ಷ ಈ ಹೊತ್ತಿಗೆ ಎಂಬ ಮಾತು ಕಿವಿಗೆ ಬಿದ್ದಾಗ ಅವಳೊಳಗೆ ಏನೋ ಒಂದು ಸಡಿಲಾಗಿತ್ತು. ಬಹಳ ಹೊತ್ತು ಹೊತ್ತ ಚೀಲವನ್ನು ಬೆಂಚಿನ ಮೇಲೆ ಇಟ್ಟಾಗ ಹೆಗಲಿಗೆ ಅನಿಸುತ್ತದಲ್ಲ, ಹಾಗೆ. ಅತ್ತೆಯನ್ನು ಕಂಡರೆ ಅವಳಿಗೆ ಪ್ರೀತಿ ಇತ್ತು, ಅದು ಸುಳ್ಳಲ್ಲ. ಆದರೆ ಆ ಸಡಿಲಾದದ್ದೂ ಸುಳ್ಳಲ್ಲ. ಅಂದಿನಿಂದ ಆಪರೇಷನ್ ಮಾಡಿಸಿ ಎಂದು ಹೇಳಲು ಬಾಯಿ ತೆರೆದರೆ, ಬೇಗ ಮುಗಿಯಲಿ ಎಂದು ಹೇಳುತ್ತಿದ್ದೇನೇನೋ ಎನಿಸುತ್ತಿತ್ತು. ಬೇಡ ಎನ್ನಲು ಹೋದರೆ, ತಾನಾಗಿಯೇ ಮುಗಿಯಲಿ ಎನ್ನುತ್ತಿದ್ದೇನೇನೋ ಎಂದು ಹೆದರಿಕೆ. ಹಾಗಾಗಿ ಸುಮ್ಮನೆ ಮುಖ ನೋಡುತ್ತಿದ್ದಳು.

ಕೆಲಸಕ್ಕೆ ಹೋದಳು. ಕಿವಿಯ ಯಂತ್ರಗಳನ್ನು ಮಾರುವ, ಶುಚಿ ಮಾಡುವ ಅಂಗಡಿ ಅದು. ಅವಳ ಮೇಜು ಒಳಕೋಣೆಯಲ್ಲಿ, ಬಿಳಿಯ ದೀಪದ ಕೆಳಗೆ. ಅಲ್ಲಿ ಅವಳು ಕಿವಿಯ ಅಚ್ಚು ತೆಗೆಯುತ್ತಿದ್ದಳು. ಕೂದಲೆಳೆಯಂಥ ಕೊಕ್ಕೆಯಿಂದ ಕೊಳವೆಗಳೊಳಗಿನ ಮೇಣ ಕೀಳುತ್ತಿದ್ದಳು. ರಬ್ಬರಿನ ಗುಂಡು ಹಿಂಡಿ ಗಾಳಿ ಊದುತ್ತಿದ್ದಳು. ಸತ್ತಿದೆ ಎಂದು ಜನ ತಂದುಕೊಡುತ್ತಿದ್ದ ಯಂತ್ರಗಳಲ್ಲಿ ಮುಕ್ಕಾಲು ಪಾಲು ಸತ್ತೇ ಇರುತ್ತಿರಲಿಲ್ಲ, ಎಲ್ಲೋ ಒಂದು ಕಸ ಅಡ್ಡ ಬಂದಿರುತ್ತಿತ್ತು. ಅಂದು ಆ ಕೊಕ್ಕೆಯನ್ನು ಕೈಯಲ್ಲಿ ಹಿಡಿದಾಗಲೇ ಆ ಯೋಚನೆ ಬಂದದ್ದು.

ಸಭೆಯ, ಅಂದರೆ ಅವರ ಚರ್ಚಿನ, ಆರ್ಗನ್ನನ್ನು ಅವಳು ಬಲ್ಲಳು. ಕಾಲಿನಿಂದ ತುಳಿದು ಗಾಳಿ ತುಂಬುವ ಹಳೆಯ ವಾದ್ಯ. ಅತ್ತೆ ಮದುವೆಯಾಗಿ ಬಂದಾಗಿನಿಂದ ಕೈ ನಡುಗತೊಡಗುವ ತನಕ ಅದನ್ನು ನುಡಿಸಿದ್ದರು. ಎತ್ತರದ ಒಂದು ಸ್ವರ ಅವರ ಕಾಲದಲ್ಲೇ ಸತ್ತಿತ್ತು. ಆ ಕೀ ಒತ್ತಿದರೆ ಬರೀ ಗಾಳಿ. ರಿಪೇರಿ ಬಲ್ಲ ಮುದುಕ ತೀರಿಹೋಗಿದ್ದ. ಕಮಿಟಿಯವರು ಪ್ರತಿ ಸಭೆಯಲ್ಲೂ ಅದರ ಬಗ್ಗೆ ಗಂಭೀರವಾಗಿ ಮಾತಾಡಿ, ಕಾಫಿ ಕುಡಿದು ಎದ್ದು ಹೋಗುತ್ತಿದ್ದರು. ಹಾಡುವವರು ಅದಕ್ಕೆ ಒಗ್ಗಿಕೊಂಡಿದ್ದರು. ಹಲ್ಲು ಬಿದ್ದ ಜಾಗದ ಮೇಲೆ ನಾಲಿಗೆ ಆಡಿದ ಹಾಗೆ, ಅವರ ದನಿ ಆ ಖಾಲಿ ಜಾಗದ ಮೇಲೆ ಹಾದುಹೋಗುತ್ತಿತ್ತು. ಈಗ ನುಡಿಸುತ್ತಿದ್ದವನು ದರ್ಜಿ, ಅತ್ತೆಯೇ ಕಲಿಸಿದ್ದು. "ಬೆರಳು ಪರವಾಗಿಲ್ಲ, ಕಾಲು ಮಾತ್ರ ಹೊಲಿಗೆ ಮೆಷಿನ್ ತುಳಿದ ಹಾಗೆ ತುಳಿತಾನೆ," ಎಂದು ಅವರ ದೂರು. "ನಿಧಾನದ ಹಾಡು ಬಂದ್ರೂ ಪ್ಯಾಂಟು ಹೊಲಿದು ಮುಗಿಸೋ ಆತುರ."

ಒಳಗೆ ಪ್ರತಿ ಸ್ವರಕ್ಕೂ ಒಂದೊಂದು ಹಿತ್ತಾಳೆಯ ನಾಲಿಗೆ ಇರುತ್ತದೆಂದು ಅತ್ತೆಯೇ ಒಮ್ಮೆ ವಿವರಿಸಿದ್ದರು. ನಾಲಿಗೆಯ ಕೆಳಗೆ ಕಸ ಸಿಕ್ಕರೆ ಅದು ನಡುಗುವುದಿಲ್ಲ, ನಡುಗದಿದ್ದರೆ ನುಡಿಯುವುದಿಲ್ಲ. ಅದನ್ನು ಎಳೆದು ತೆಗೆಯಲು ಒಂದು ಸಣ್ಣ ಕೊಕ್ಕೆ ಬೇಕು.

ಶುಕ್ರವಾರ ಸಂಜೆ ಪ್ರಾರ್ಥನಾ ಕೂಟ ಅವರ ಮನೆಯಲ್ಲೇ ನಡೆಯಿತು. ಆಮೆನ್ ಅಕ್ಕ ಎಲ್ಲರಿಗಿಂತ ಮೊದಲು ಬಂದಳು. ಯಾರ ಪ್ರಾರ್ಥನೆಯಾದರೂ ಮುಗಿಯುವ ಮುಂಚೆಯೇ ಆಮೆನ್ ಎಂದುಬಿಡುವುದರಿಂದ ಅವಳಿಗೆ ಆ ಹೆಸರು.

"ಟೀಚರಮ್ಮ, ಆಪರೇಷನ್ ವಿಷಯ ಏನಾಯ್ತು?" ಎಂದಳು ಕೂರುತ್ತಲೇ. ಅತ್ತೆ ಮಕ್ಕಳಿಗೆ ಹಾಡು ಕಲಿಸಿದ್ದರಿಂದ ಸಭೆಯಲ್ಲಿ ಅವರು ಟೀಚರಮ್ಮ.

"ಕೇಳಿದೀನಿ. ಹೇಳ್ತಾನೆ."

"ಯಾರು, ಡಾಕ್ಟರಾ?"

"ಡಾಕ್ಟರಿಗೂ ಹೇಳೋನು."

"ಆಮೆನ್!" ಎಂದಳು ಆಮೆನ್ ಅಕ್ಕ. "ನಿಮ್ಮದು ಬಿಡಿ, ನೇರ ಲೈನು. ನೀವು ಕೇಳಿದ್ದು ಯಾವತ್ತು ಇಲ್ಲ ಅಂದಿದಾನೆ? ನಾನು ನನ್ನ ಮಗಳಿಗೆ ಯಾವಾಗಲೂ ಹೇಳ್ತೀನಿ, ನಂಬಿಕೆ ಅಂದ್ರೆ ಟೀಚರಮ್ಮನ ಹಾಗಿರಬೇಕು ಅಂತ. ಏನಮ್ಮ, ಸೊಸೆ ಮುದ್ದು, ಸರಿ ತಾನೆ?"

ಸೊಸೆ ಲೋಟಗಳ ತಟ್ಟೆಯನ್ನು ಅವಳ ಮುಂದೆ ಹಿಡಿದಳು. "ಸರಿ ಅಕ್ಕ," ಎಂದಳು. ಆಮೇಲೆ, ಮುಂಚೆ ಯೋಚಿಸಿಯೇ ಇರಲಿಲ್ಲ ಎನ್ನುವಂತೆ, "ನಾಳೆ ದೇವಾಲಯ ಗುಡಿಸೋ ಸರದಿ ನಿಮ್ಮದಲ್ವಾ? ನಿಮಗೆ ಸೊಂಟ ನೋವು ಅಂತಿದ್ರಿ. ನಾನು ಹೋಗ್ತೀನಿ ಬಿಡಿ," ಎಂದಳು.

"ಅಯ್ಯೋ ತಾಯಿ, ನಿನ್ನ ಹೊಟ್ಟೆ ತಣ್ಣಗಿರಲಿ. ಇದನ್ನೇ ನೋಡಿ ನಾನು ನಿನ್ನೆ ಪ್ರಾರ್ಥನೆ ಮಾಡಿದ್ದು!"

ಸೊಸೆಗೆ ನಗು ಬರಲಿಲ್ಲ.

ಶನಿವಾರ ಮಧ್ಯಾಹ್ನ ದೇವಾಲಯದಲ್ಲಿ ಯಾರೂ ಇರಲಿಲ್ಲ. ಬೆಂಚುಗಳನ್ನು ಒರೆಸಿದಳು. ನೆಲ ಗುಡಿಸಿದಳು. ಮಾಡಲು ಬಂದ ಕೆಲಸವನ್ನು ಮುಗಿಸದೆ ಇನ್ನೊಂದಕ್ಕೆ ಕೈ ಹಾಕುವುದು ಸರಿಯಲ್ಲ ಎಂದುಕೊಂಡು ಮೇಣದ ಬತ್ತಿಯ ಕಂಬಗಳನ್ನೂ ತಿಕ್ಕಿದಳು. ತಿಕ್ಕಲು ಇನ್ನೇನೂ ಉಳಿಯದಾದಾಗ ಆರ್ಗನ್ನಿನ ಬೆನ್ನ ಹಲಗೆ ಬಿಚ್ಚಿದಳು.

ಒಳಗೆ ಹಳೆಯ ಮರದ, ಇಲಿಯ, ಧೂಳಿನ ವಾಸನೆ. ಕಾಲಿನಿಂದ ಒಮ್ಮೆ ತುಳಿದು, ಕೈ ಚಾಚಿ ಕೀ ಒತ್ತಿ, ಬರೀ ಗಾಳಿ ಬರುವ ಗೂಡನ್ನು ಬೆರಳಿನಿಂದ ಹುಡುಕಿದಳು. ಕೊಕ್ಕೆ ಹಾಕಿ ಎಳೆದಳು. ಮೊದಲು ಬರಲಿಲ್ಲ, ಆಮೇಲೆ ಬೆಣ್ಣೆಯಿಂದ ಕೂದಲು ಬಂದ ಹಾಗೆ ಬಂತು. ಕಿರುಬೆರಳಿಗಿಂತ ಸಣ್ಣ ಹಿತ್ತಾಳೆಯ ತುಂಡು. ಕಿಟಕಿಯ ಬೆಳಕಿಗೆ ಹಿಡಿದಳು. ನಾಲಿಗೆಗೂ ಚೌಕಟ್ಟಿಗೂ ನಡುವೆ ಯಾವುದೋ ಹುಳುವಿನ ರೆಕ್ಕೆಯ ಒಂದು ಚೂರು. ಇಷ್ಟೇ. ಇಷ್ಟಕ್ಕೇ ಇಷ್ಟು ವರ್ಷ.

ಕುಂಚವೂ ಬೇಕಿರಲಿಲ್ಲ. ಒಮ್ಮೆ ಊದಿದರೆ ಸಾಕಿತ್ತು.

ಅವಳು ಉಸಿರು ಕಟ್ಟಿದಳು. ಆಡುವ ಉಸಿರಿಗೇ ಅದು ಹಾರಿಹೋದೀತೆಂದು ಮುಖವನ್ನು ದೂರ ಸರಿಸಿದಳು. ಊದಿದರೆ ನಾಳೆ ಸ್ವರ ನುಡಿಯುತ್ತದೆ, ಅತ್ತೆ ಸೋಮವಾರ ಹೂಂ ಎನ್ನುತ್ತಾರೆ, ಎದೆ ಸೀಳಿಸಿಕೊಳ್ಳುತ್ತಾರೆ, ಉಳಿದರೆ ಸರಿ. ಉಳಿಯದಿದ್ದರೆ ಅವರನ್ನು ಮೇಜಿನ ಮೇಲೆ ಮಲಗಿಸಿದ್ದು ಯಾರು? ಚಿಲಕ ಬಿಗಿದ ಕೈಯೇ. ಊದದಿದ್ದರೆ ಅತ್ತೆ ಮನೆಯಲ್ಲೇ ಇರುತ್ತಾರೆ, ಮೆಟ್ಟಿಲ ತಿರುವಿನಲ್ಲಿ ಕೂರುತ್ತಾರೆ, ಒಂದು ದಿನ ಅಲ್ಲಿಂದ ಏಳುವುದಿಲ್ಲ. ಅದನ್ನು ಮಾಡಿದ್ದು ಯಾರು? ಯಾವ ಕಡೆ ತಿರುಗಿದರೂ ತಾನೇ ನಿಂತಿದ್ದೇನೆ. ಡಾಕ್ಟರ ಮುಂದೆ ಹೆಗಲು ಸಡಿಲಾದವಳು ಯಾವ ಉಸಿರನ್ನು ನಂಬಬೇಕು?

"ನನಗೆ ಸಾಕಾಗಿದೆ," ಎಂದಳು. ಜೋರಾಗಿಯೇ ಎಂದಳು, ಯಾರೂ ಇರಲಿಲ್ಲ. "ಚಿಲಕ ನಾನು ಹಾಕಿದೆ, ಉಣ್ಣೆ ನಾನು ತಂದೆ. ಹೆಸರು ನಿನಗೆ ಬಂತು, ಬರಲಿ, ನನಗೇನೂ ಬೇಜಾರಿಲ್ಲ. ಇದು ಮಾತ್ರ ನನ್ನ ಕೈಲಾಗಲ್ಲ. ಅವರು ಕೇಳಿದ್ದು ನಿನ್ನನ್ನ, ನನ್ನನ್ನಲ್ಲ. ನೀನೇ ಹೇಳು. ಹೇಗೆ ಹೇಳ್ತೀಯೋ ನನಗೆ ಗೊತ್ತಿಲ್ಲ."

ಪ್ರಾರ್ಥನೆ ಎನ್ನಬಹುದಾದಷ್ಟು ಅಂದವಾದ ಮಾತಲ್ಲ ಅದು. ಆದರೆ ಬಹಳ ದಿನಗಳ ಮೇಲೆ ಅವಳು ತನ್ನದೇ ಬಾಯಿಂದ ಆಡಿದ್ದು. ರೆಕ್ಕೆಯ ಚೂರು ಇದ್ದಲ್ಲೇ ಇತ್ತು. ಹಿತ್ತಾಳೆಯ ತುಂಡನ್ನು ಹಾಗೇ ಗೂಡಿಗೆ ತಳ್ಳಿದಳು, ಹಲಗೆ ಮುಚ್ಚಿದಳು. ಹೊರಡುವ ಮುಂಚೆ ಒಮ್ಮೆ ತುಳಿದು ಕೀ ಒತ್ತಿ ನೋಡಿದಳು, ಅಲುಗಾಟಕ್ಕೆ ತಾನಾಗಿ ಸರಿಹೋಗಿರಬಹುದೇ ಎಂದು. ಬರೀ ಗಾಳಿ.

ಭಾನುವಾರ ಅತ್ತೆ ಎಂದಿಗಿಂತ ಮುಂಚೆ ತಯಾರಾಗಿ, ಮುಂದಿನ ಸಾಲಿನ ಬೆಂಚಿನ ತುದಿಯಲ್ಲಿ ಕುಳಿತರು. ಹೊಸ ಬ್ಯಾಟರಿ ಹಾಕಿಸಿಕೊಂಡಿದ್ದರು. ಸೊಸೆ ಪಕ್ಕದಲ್ಲಿ ಕುಳಿತಳು. ಪಾಸ್ಟರ ಉಪದೇಶದಲ್ಲಿ ಒಂದು ಅಕ್ಷರವೂ ಅವಳ ತಲೆಗೆ ಹೋಗಲಿಲ್ಲ. ಆ ಸ್ವರ ಬರುವುದು ಕೊನೆಯ ಹಾಡಿನಲ್ಲಿ, ಎಲ್ಲರ ದನಿ ಮೇಲೇರಿ ಒಂದು ಕ್ಷಣ ತಂಗುವ ಜಾಗದಲ್ಲಿ ಎಂದು ಅವಳಿಗೆ ಗೊತ್ತಿತ್ತು. ಆ ಹಾಡಿಗೆ ಎಲ್ಲರೂ ಎದ್ದು ನಿಂತರು. ದರ್ಜಿ ಅವಸರದಿಂದ ತುಳಿಯುತ್ತಿದ್ದ. ಮೊದಲ ಚರಣ ಹೋಯಿತು. ಎರಡನೆಯದೂ ಹೋಯಿತು. ಅವಳ ಕಿವಿ ಪಳಗಿದ ಕಿವಿ; ಇಡೀ ಸಭೆಯ ಹಾಡಿನಡಿಯಲ್ಲೂ ಆರ್ಗನ್ನಿನ ಒಂದೊಂದು ಸ್ವರವನ್ನು ಬೇರೆ ಮಾಡಿ ಕೇಳಬಲ್ಲದು. ಕೊನೆಯ ಚರಣದಲ್ಲಿ ದನಿಗಳು ಮೇಲೇರಿದವು, ಆ ಜಾಗ ಬಂತು, ಆರ್ಗನ್ನಿನಲ್ಲಿ ಅದು ಖಾಲಿಯಾಗಿ ಹಾದುಹೋಯಿತು.

ಅತ್ತೆ ತಲೆ ಎತ್ತಿದರು.

ಬೆಂಚಿನ ಅಂಚಿನ ಮೇಲಿದ್ದ ಅವರ ಬಲಗೈಯ ಕಿರುಬೆರಳು ಮರವನ್ನು ಒತ್ತಿ ಹಿಡಿದಿತ್ತು. ಹಾಡು ಮುಗಿಯುವ ಮುಂಚೆಯೇ ಅವರು ಕುಳಿತುಬಿಟ್ಟರು, ಬಸ್ಸಿನಲ್ಲಿ ಸೀಟು ಸಿಕ್ಕವರ ಹಾಗೆ.

ಅಂಗಡಿಯ ಪರೀಕ್ಷೆಯ ಕೋಣೆಯಲ್ಲಿ ಸೊಸೆ ಇದನ್ನು ಎಷ್ಟೋ ಸಲ ನೋಡಿದ್ದಳು. ಸದ್ದು ಕೇಳಿಸಿದಾಗ ಗುಂಡಿ ಒತ್ತಿ ಎಂದರೆ, ಸದ್ದು ಕಳಿಸದೆ ಇದ್ದಾಗಲೂ ವಯಸ್ಸಾದವರು ಒತ್ತುತ್ತಾರೆ. ಸುಳ್ಳು ಹೇಳುವುದಿಲ್ಲ, ಅವರಿಗೆ ನಿಜವಾಗಿಯೂ ಕೇಳಿಸಿರುತ್ತದೆ. ಗದರಿಸಬಾರದು, ಸ್ವಲ್ಪ ತಡೆದು ಮತ್ತೆ ಕಳಿಸಬೇಕು ಎಂದು ಅವಳಿಗೆ ಕಲಿಸಿದ್ದರು.

ಮನೆಯ ಮೆಟ್ಟಿಲ ತಿರುವಿನಲ್ಲಿ ಅತ್ತೆ ಕುಳಿತರು. ಗಂಡ ಬೀಗ ತೆರೆಯಲು ಮೇಲೆ ಹೋಗಿದ್ದ. ಸೊಸೆ ಒಂದು ಮೆಟ್ಟಿಲು ಕೆಳಗೆ ನಿಂತಳು.

"ಬಂತು ಕಣೇ," ಎಂದರು ಅತ್ತೆ.

"ಏನತ್ತೆ?"

"ಆ ಸತ್ತ ಸ್ವರ. ಕೊನೇ ಹಾಡಲ್ಲಿ. ಇಷ್ಟು ವರ್ಷದ ಮೇಲೆ. ನಿನಗೆ ಕೇಳಿಸ್ಲಿಲ್ವಾ?"

ಅವಳ ಬಾಯಲ್ಲಿ ಎರಡು ಮಾತು ಪಕ್ಕಪಕ್ಕ ನಿಂತಿದ್ದವು. ಕೇಳಿಸ್ತು ಎಂದರೆ ಮತ್ತೆ ತನ್ನ ಕೈ. ಇಲ್ಲ ಎಂದರೂ ತನ್ನ ಕೈ. ಅವಳು ಅತ್ತೆಯ ಮುಖ ನೋಡಿದಳು. ತುಟಿಯ ಅಂಚು ನೀಲಿಯೇ ಇತ್ತು. ಆದರೆ ಹಣೆಯ ಗಂಟು ಬಿಚ್ಚಿತ್ತು.

"ನಿಮಗೆ ಕೇಳಿಸ್ತಾ ಅತ್ತೆ?"

"ಕೇಳಿಸ್ತು."

"ಚೆನ್ನಾಗಿ ಕೇಳಿಸ್ತಾ?"

"ನೀನು ಕಿವಿಗೆ ತುರುಕಿರೋ ಈ ಬೀಜದಲ್ಲಿ ಕೇಳೋದಕ್ಕಿಂತ ಚೆನ್ನಾಗಿ."

"ಹಾಗಾದ್ರೆ ಸರಿ," ಎಂದಳು ಸೊಸೆ.

ಅತ್ತೆ ಕಂಬಿ ಹಿಡಿದು ಎದ್ದರು. "ಡಾಕ್ಟರಿಗೆ ಫೋನ್ ಮಾಡಕ್ಕೆ ಹೇಳು ನಿನ್ನ ಗಂಡನಿಗೆ. ಕೊಯ್ಯಲಿ." ಎರಡು ಮೆಟ್ಟಿಲು ಹತ್ತಿ ನಿಂತು, ಉಸಿರು ಕೂಡಿಸಿಕೊಂಡು, "ಬದುಕ್ತೀಯ ಅಂತ ಅವನು ಹೇಳ್ಲಿಲ್ಲ, ಆಯ್ತಾ? ಹೋಗು ಅಂದ. ಅಷ್ಟೇ ಅಂದಿದ್ದು. ನಾಳೆ ನಾನು ಏಳ್ಲಿಲ್ಲ ಅಂದ್ರೆ ಆ ಆಮೆನ್ ಅಕ್ಕ ಏನೇನೋ ಹೇಳ್ತಾಳೆ. ನೀನು ತಲೆ ಕೆಡಿಸ್ಕೋಬೇಡ," ಎಂದರು.

ಆಸ್ಪತ್ರೆಯವರು ಮುಂದೆ ಗುಂಡಿ ಇರುವ ಸಡಿಲ ಅಂಗಿ ಬೇಕೆಂದಿದ್ದರು. ಅತ್ತೆಯ ಹಳೆಯ ಅಂಗಿಗಳ ಮುಂಭಾಗ ಸೀಳಿಸಿ ಗುಂಡಿ ಇಡಿಸಲು ಸೊಸೆ ದರ್ಜಿಯ ಅಂಗಡಿಗೆ ಹೋದಳು. ಅವನು ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಮಾತಾಡುವವನು.

"ಟೀಚರಮ್ಮ ಒಪ್ಪಿದ್ರಂತೆ. ಒಳ್ಳೇದಾಯ್ತು. ಬಂದು ಮತ್ತೆ ನನ್ನನ್ನ ಬೈಲಿ."

"ಭಾನುವಾರ ಚೆನ್ನಾಗಿ ನುಡಿಸಿದ್ರಿ," ಎಂದಳು ಸೊಸೆ. ತಡೆಯಲಾಗದೆ, "ಆ ಕೆಟ್ಟು ಹೋಗಿರೋ ಕೀ, ಅದು ಈಗ ಹೇಗಿದೆ?" ಎಂದಳು.

"ಯಾವನಿಗೆ ಗೊತ್ತಮ್ಮ? ನಾನು ಅದನ್ನ ಮುಟ್ಟೋದೇ ಇಲ್ಲ. ಮುಟ್ಟಿದ್ರೆ ಬುಸ್ ಅನ್ನತ್ತೆ, ಮುಂದಿನ ಬೆಂಚಿನ ಮಕ್ಕಳು ನಗ್ತಾವೆ. ಆ ಜಾಗ ಬಂದಾಗ ಬೆರಳು ಎತ್ತಿಬಿಡ್ತೀನಿ." ಸೂಜಿಯನ್ನು ಬಾಯಿಂದ ತೆಗೆದ. "ಯಾಕೆ, ಏನಾದ್ರೂ ಕೇಳಿಸ್ತಾ?"

ಹಾಗಾದರೆ ಅವಳು ಊದಿದ್ದರೂ ಅದು ನುಡಿಯುತ್ತಿರಲಿಲ್ಲ. ಎಷ್ಟೊಂದು ಯೋಚಿಸಿದ್ದಳು, ಉಸಿರು ಕಟ್ಟಿ ನಿಂತಿದ್ದಳು. ಇವನು ಬೆರಳನ್ನೇ ಇಡುವವನಲ್ಲ.

"ಇಲ್ಲ, ಸುಮ್ನೆ ಕೇಳಿದೆ," ಎಂದಳು. ಅಂಗಿಗಳನ್ನು ಅವನ ಕಡೆ ಸರಿಸಿದಳು.

ಆಪರೇಷನ್ನಿನ ದಿನ ಮಧ್ಯಾಹ್ನ ದಾಟುವ ತನಕ ಗಂಡ ಹೆಂಡತಿ ಕಾರಿಡಾರಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕುಳಿತಿದ್ದರು. ಗಂಡ ಎದ್ದು ಹೋಗಿ ಆಸ್ಪತ್ರೆಯ ಲಿಫ್ಟಿನ ಬಾಗಿಲ ಸದ್ದಿಗೆ ಕಿವಿಗೊಟ್ಟು, "ಬೆಲ್ಟ್ ಸವೆದಿದೆ," ಎಂದು ಬಂದು ಕೂತ. ಮತ್ತೆ ಎದ್ದ, ಮತ್ತೆ ಬಂದ. ಅವಳು ಪ್ರಾರ್ಥಿಸಲಿಲ್ಲ, ಅದಕ್ಕೂ ತ್ರಾಣ ಇರಲಿಲ್ಲ. ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. ಮಾಡಲು ಏನೂ ಇಲ್ಲದ ಕೈಗಳು ಎಷ್ಟು ಭಾರ ಎಂದು ನೋಡುತ್ತಾ ಕುಳಿತಳು.

ಡಾಕ್ಟರು ಬಂದಾಗ ಟೋಪಿಯ ಗುರುತು ಅವರ ಹಣೆಯ ಮೇಲೆ ಉಳಿದಿತ್ತು. ಕೂರಿಸಿದ ಬಾಗಿಲು ತೆರೆದು ಮುಚ್ಚುತ್ತಿದೆ, ಒಮ್ಮೆ ಎದೆಬಡಿತ ಕೈಕೊಟ್ಟಿತ್ತು, ಮತ್ತೆ ಹಿಡಿಯಿತು ಎಂದರು. ಇನ್ನೂ ಎಚ್ಚರವಾಗಿಲ್ಲ. ಈ ಒಂದೆರಡು ದಿನ ದಾಟಲಿ, ಆಮೇಲೆ ಮಾತಾಡೋಣ.

ಅವರು ಹೋದ ಮೇಲೆ ಗಂಡ ಮುಖವನ್ನು ಎರಡೂ ಕೈಯಿಂದ ಉಜ್ಜಿಕೊಂಡ. "ಅಮ್ಮನ್ನ ನೀನು ಹೇಗೆ ಒಪ್ಪಿಸಿದೆ?"

"ನಾನಾ?"

"ಮತ್ತಿನ್ಯಾರು? ನಾನಂತೂ ನಿನ್ನಿಷ್ಟ ಅಂದು ಬಿಟ್ಟಿದ್ದೆ. ಭಾನುವಾರ ಬೆಳಗ್ಗೆ ತನಕ ಕಲ್ಲಿನ ಹಾಗೆ ಇದ್ಲು. ಮಧ್ಯಾಹ್ನ ಬಂದು ಕೊಯ್ಯಲಿ ಅಂದ್ಲು. ನಡುವೆ ಏನೋ ನಡೆದಿರಬೇಕು. ನಿನ್ನ ಮುಖ ನೋಡಿದ್ರೆ ಗೊತ್ತಾಗತ್ತೆ."

ಹೇಳಲು ಎಲ್ಲವೂ ಇತ್ತು. ಗೋಡೆ, ಚಿಲಕ, ಹುಳುವಿನ ರೆಕ್ಕೆ, ದರ್ಜಿಯ ಎತ್ತಿದ ಬೆರಳು. ಕೇಳಿದರೆ ಗಂಡ ಮೊದಲು ನಗುತ್ತಾನೆ, ಆಮೇಲೆ ಹೆದರುತ್ತಾನೆ: ಬರದ ಸ್ವರವನ್ನು ನಂಬಿ ಅಮ್ಮ ಎದೆ ಕೊಟ್ಟಳೇ ಎಂದು. ಆಮೆನ್ ಅಕ್ಕನಿಗೆ ಹೇಳಿದರೆ ಅರ್ಧ ಕೇಳುವುದರೊಳಗೆ ಅದನ್ನು ಅದ್ಭುತ ಮಾಡಿಬಿಡುತ್ತಾಳೆ. ಪಾಸ್ಟರಿಗೆ ಹೇಳಿದರೆ ಅದಕ್ಕೊಂದು ಅರ್ಥ ಹುಡುಕಿಕೊಡುತ್ತಾರೆ. ಅತ್ತೆ ಎಚ್ಚರವಾಗಿ ಕೇಳಿದರೂ, ಅಥವಾ ಎಚ್ಚರವಾಗದೇ ಹೋದರೂ, ಅದು ಅವರಿಗೂ ಅವರನ್ನು ಕರೆದವನಿಗೂ ನಡುವಿನ ಮಾತು. ಅಲ್ಲಿ ಬಂದದ್ದು ಏನು ಎಂದು ಅವಳಿಗೆ ಗೊತ್ತಿಲ್ಲ. ತಾನು ಕಳಿಸಿದ್ದಲ್ಲ ಎಂಬುದಷ್ಟೇ ಗೊತ್ತು. ದಣಿದ ಮೈಗೆ ಅಷ್ಟು ಸಾಕಾಗುವಂತಿತ್ತು.

"ಏನಿಲ್ಲ ರೀ. ಅವರೇ ಯೋಚನೆ ಮಾಡಿ ಒಪ್ಪಿದ್ರು," ಎಂದಳು. ಇದನ್ನು ಯಾರಿಗೂ ಹೇಳುವುದಿಲ್ಲ ಎಂದು ಅವಳು ಆಗಲೇ ತೀರ್ಮಾನಿಸಿಯಾಗಿತ್ತು.